ಹಿಮ್ಜೊನ ಕೈಗಿರಣಿ ಮತ್ತು ಮೂರನೆಯ ಬಟ್ಟಲು

ಸತ್ತ ತಾಯಿಯ ಕಾಫಿ ಗಿರಣಿಗೆ ಪ್ಲಾಸ್ಟಿಕ್ ಹೂವು ಸಿಗಿಸಿಟ್ಟವರನ್ನು ಕ್ಷಮಿಸುವುದು ಹೇಗೆಂದು ಹಿಮ್ಜೊಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಅವನಿಗಿಲ್ಲ.

ಅವನು ಸರಾಯೆವೊದ ಟ್ರಾಮ್ ಚಾಲಕ. ಹಳೇ ಪೇಟೆಯಿಂದ ಹೊರಟ ಹಳಿ ಊರಿನ ಉದ್ದಕ್ಕೂ ಹರಿದು ಇಲಿಜಾದಲ್ಲಿ ಮುಗಿಯುತ್ತದೆ. ಅಲ್ಲಿ ಟ್ರಾಮು ದೊಡ್ಡದೊಂದು ಸುತ್ತು ಹಾಕಿ ಮತ್ತೆ ಊರ ಕಡೆ ಮುಖ ತಿರುಗಿಸಬೇಕು. ಆ ಸುತ್ತಿನ ನಡುವೆ, ಚಾಲಕನ ಕಣ್ಣಿಗೆ ನೇರವಾಗಿ, ಒಂದು ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ಗೇಣೆತ್ತರದ ಹಿತ್ತಾಳೆ ಗಿರಣಿ. ಮೇಲಿನ ಮುಚ್ಚಳವನ್ನೂ ತಿರುಗಿಸುವ ಹಿಡಿಯನ್ನೂ ಕಳಚಿ, ಅದರ ಬಾಯೊಳಗೆ ಕೆಂಪು ಪ್ಲಾಸ್ಟಿಕ್ ಗುಲಾಬಿ ತುರುಕಿದೆ. ಮನೆ ಅವನ ಅಕ್ಕ ವಾಹಿದಾಳದು. ಗಿರಣಿ ಅವನ ತಾಯಿಯದು.

"ಹೂವಿಡೋಕೆ ಈ ಊರಲ್ಲಿ ಒಂದು ಹೂದಾನಿ ಸಿಗಲ್ವೇನ್ರೀ?" ಎಂದು ಹಿಮ್ಜೊ ಪ್ರತಿ ಸುತ್ತಿಗೂ ಗಟ್ಟಿಯಾಗಿಯೇ ಗೊಣಗುತ್ತಾನೆ. ಹಿಂದಿನ ಸೀಟಿನವರು ತಮಗೇ ಹೇಳಿದನೆಂದು ಗಾಬರಿಯಾಗಿ ಟಿಕೆಟ್ಟು ಎತ್ತಿ ತೋರಿಸುತ್ತಾರೆ.

ತಾಯಿ ತೀರಿಕೊಂಡು, ಪ್ರಾರ್ಥನೆ ಗೀರ್ಥನೆ ಎಲ್ಲ ಮುಗಿದ ಸಂಜೆ ಈ ಜಗಳ ಆದದ್ದು. ವಾಹಿದಾ ಅಡುಗೆಮನೆಯ ಗೂಡಿನಿಂದ ಗಿರಣಿ ಇಳಿಸಿ, ಸೀರೆಯಂಥ ದೊಡ್ಡ ಶಾಲಿನಲ್ಲಿ ಸುತ್ತಿಕೊಂಡಳು.

"ಮನೆ ನಿಂಗೆ ಬಂತು ಹಿಮ್ಜೊ, ಇದು ನಂಗಿರ್ಲಿ. ತಾಯಿ ಗಿರಣಿ ಮಗಳಿಗೆ ಸೇರೋದು," ಅಂದಳು. ಮೆಲ್ಲಗೇ ಅಂದಳು.

ಹಿಮ್ಜೊಗೆ ಎಲ್ಲಿತ್ತೋ ಸಿಟ್ಟು. "ತಗೊಂಡ್ಹೋಗು! ಬಾಗಿಲು, ಕಿಟಕಿ, ಹಂಚು, ಏನೇನ್ ಬೇಕೋ ಎಲ್ಲಾ ಕಿತ್ಕೊಂಡ್ಹೋಗು! ಆಮೇಲೆ ಈ ಹೊಸ್ತಿಲು ತುಳೀಬೇಡ!"

ಅವನ ಮಾತು ಅವನು ಓಡಿಸುವ ಟ್ರಾಮಿನ ಹಾಗೆ. ಬ್ರೇಕು ಒತ್ತಿದ ಮೇಲೂ ಒಂದಷ್ಟು ದೂರ ಹೋಗಿಯೇ ನಿಲ್ಲುವುದು. ಆದರೆ ವಾಹಿದಾ ಅವನಿಗಿಂತ ಹಟಮಾರಿ. ಹೊಸ್ತಿಲು ತುಳಿಯಬೇಡ ಅಂದದ್ದನ್ನು ಅಕ್ಷರಶಃ ನಡೆಸಿದಳು. ಅವನೂ ದಿನಕ್ಕೆ ಎಷ್ಟೋ ಸಲ ಅವಳ ಕಿಟಕಿಯ ಮುಂದೆ ಟ್ರಾಮು ತಿರುಗಿಸುತ್ತಾನೆ, ಒಂದು ಸಲವೂ ಇಳಿದು ಬಾಗಿಲು ತಟ್ಟಲಿಲ್ಲ. ವರ್ಷಗಳು ಕಳೆದವು.

ಆ ಗಿರಣಿಯ ಮೇಲೆ ಅವನಿಗೆ ಅಷ್ಟು ಜೀವ ಇದ್ದದ್ದಕ್ಕೆ ಕಾರಣವೂ ಇತ್ತು. ಊರಿಗೆ ಮುತ್ತಿಗೆ ಬಿದ್ದಿದ್ದ ವರ್ಷಗಳಲ್ಲಿ ಕಾಫಿ ಬೀಜ ಎಲ್ಲಿಂದ ಬರಬೇಕು? ತಾಯಿ ಬೇಳೆ ಹುರಿದಳು, ಬಾರ್ಲಿ ಹುರಿದಳು, ಕೊನೆಗೆ ಯಾರೋ ಕೊಟ್ಟ ಕಲ್ಲಿನಂಥ ಬಟಾಣಿಯನ್ನೂ ಹುರಿದಳು. ಎಲ್ಲವನ್ನೂ ತೊಡೆಗಳ ನಡುವೆ ಗಿರಣಿ ಇಟ್ಟುಕೊಂಡು ಬೀಸಿದ್ದು ಹಿಮ್ಜೊ. ಕುಡಿದದ್ದು ಏನೇ ಇರಲಿ, ಹೆಸರು ಮಾತ್ರ ಕಾಫಿ. ಯುದ್ಧ ಮುಗಿದ ಮೇಲೆ ತಾಯಿ ಅದನ್ನು ಯಾರ ಕೈಗೂ ಕೊಡಲಿಲ್ಲ. ದಿನಾ ಬೆಳಗ್ಗೆ ಅಡುಗೆಮನೆಯಿಂದ ಗಿರಣಿಯ ಸದ್ದು ಕೇಳಿಸಿದರೇ ಅವನಿಗೆ ಬೆಳಗಾಗುವುದು. ತೆಳ್ಳಗೆ, ಹಗುರವಾಗಿ, ಎಲ್ಲೂ ತಡವರಿಸದ ಸದ್ದು. ಟ್ರಾಮ್ ಡಿಪೋದಲ್ಲಿ ಅವನು ಎದೆ ಉಬ್ಬಿಸಿ ಹೇಳುತ್ತಿದ್ದ: "ನಮ್ಮವ್ವ ಕೈಯಾರೆ ಬೀಸಿದ ಕಾಫಿ ಕುಡಿದವನು ನಾನು. ನಿಮ್ಮ ಮೆಷಿನ್ನು ಪುಡಿಯೆಲ್ಲ ನನ್ನ ಗಂಟಲಲ್ಲಿ ಇಳಿಯಲ್ಲ."

ತಾಯಿ ಹೋದ ಮೇಲೆ ಹೆಂಡತಿ ಶೆಫಿಕಾ ಒಂದು ಕರೆಂಟಿನ ಡಬ್ಬಿ ತಂದಳು. ಗುಂಡಿ ಒತ್ತಿದರೆ ಕಿರುಚಿಕೊಂಡು ಬೀಜ ಕೊಚ್ಚುವ ಡಬ್ಬಿ. ಹಿಮ್ಜೊ ಕಾಫಿ ಬಾಯಿಗಿಟ್ಟು, "ಅರ್ಧ ಪುಡಿ ಬೂದಿ, ಅರ್ಧ ಪುಡಿ ಜಲ್ಲಿ," ಅನ್ನುತ್ತಿದ್ದ. ಶೆಫಿಕಾ ನಗುತ್ತಿದ್ದಳು. ಯಾಕೆ ನಗುತ್ತಾಳೆಂದು ಅವನು ಕೇಳಲಿಲ್ಲ.

ಹೀಗಿರುವಾಗ ಬಜ್ರಾಮ್, ಅಂದರೆ ಬಕ್ರೀದ್ ಹಬ್ಬಕ್ಕೆ ಇನ್ನೂ ಸ್ವಲ್ಪ ದಿನ ಇದ್ದಂತೆ, ಒಂದು ಸಂಜೆ ಊಟಕ್ಕೆ ಕೂತಾಗ ಶೆಫಿಕಾ ಮೆಲ್ಲಗೆ ಸುದ್ದಿ ಬಿಟ್ಟಳು.

"ಹಬ್ಬದ ಎರಡನೇ ದಿನ ಅತ್ತಿಗೆ ಬರ್ತಾರಂತೆ."

"ಯಾವ ಅತ್ತಿಗೆ?"

"ಎಷ್ಟು ಜನ ಅಕ್ಕಂದಿರು ನಿಂಗೆ? ವಾಹಿದಾ ಅತ್ತಿಗೆ."

ಹಿಮ್ಜೊನ ಕೈಯಲ್ಲಿದ್ದ ಚಮಚ ಸಾರಿಗೆ ಬಿತ್ತು. "ನೀನ್ ಅವಳ ಹತ್ರ ಮಾತಾಡ್ತೀಯಾ?"

"ವಾರಕ್ಕೊಂದು ಸಲ. ಜಗಳ ನಿಂದು, ನಂದಲ್ಲ. ಈಗ ಕೇಳು, ಅವರಾಗೇ ಬರ್ತೀನಿ ಅಂದಿದಾರೆ. ಈ ಸಲ ನೀನು ಬಾಯಿ ಹಾರಿಸಿ ಕಳಿಸಿದ್ಯೋ, ಮತ್ತೆ ಅವರು ಈ ಏರು ಹತ್ತೋದು ನಿನ್ನ ಹೆಣ ನೋಡೋಕೇನೇ."

ಹಿಮ್ಜೊ ಬಾಯಿ ಹಾರಿಸಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಗೂಡು ನೋಡಿದ. ತಾಯಿಯ ಗಿರಣಿ ಇದ್ದ ಜಾಗದಲ್ಲಿ ಬಿಳೀ ಪ್ಲಾಸ್ಟಿಕ್ ಡಬ್ಬಿ, ಅದರ ತಂತಿ ಕೆಳಗೆ ಜೋತುಬಿದ್ದಿದೆ. ಅಕ್ಕ ಬಂದು ಇದನ್ನು ನೋಡಿದರೆ? ಈ ಡಬ್ಬಿಯ ಕಾಫಿಯನ್ನು ತಾಯಿಯ ಮನೆಯಲ್ಲಿ ಕೂತು ಕುಡಿದರೆ? ಅವಳು ಏನೂ ಅನ್ನುವುದಿಲ್ಲ, ಅರ್ಧ ಬಟ್ಟಲು ಹಾಗೇ ಬಿಟ್ಟು ಏಳುತ್ತಾಳೆ. ಅಲ್ಲಿಗೆ ಮುಗಿಯಿತು.

"ಗಿರಣಿ ತರ್ತೀನಿ," ಅಂದ. "ಅವ್ವನ ಗಿರಣಿ ಅದರ ಮುಂದೆ ನಾಚ್ಕೋಬೇಕು, ಅಂಥದ್ದು."

ಮಾರನೇ ದಿನವೇ ಪೇಟೆಗೆ ಇಳಿದ. ತಾಮ್ರದವರ ಬೀದಿಯ ಮೊದಲ ಅಂಗಡಿಯಲ್ಲೇ ಗಿರಣಿಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಒಂದರ ಮೇಲೆ ಸೇತುವೆ, ಒಂದರ ಮೇಲೆ ಮಸೀದಿ, ಒಂದರ ಮೇಲೆ ಪಾರಿವಾಳ. ಹಿಮ್ಜೊ ಒಂದನ್ನು ಎತ್ತಿ, ಅಂಗಡಿಯವನನ್ನು ಕೇಳದೆ ತಳ ತಿರುಚಿ ಬಿಚ್ಚಿ, ಒಳಗಿನ ಹಲ್ಲು ನೋಡಿದ. ಹಲ್ಲು ಅಚ್ಚಿಗೆ ಹೊಯ್ದ ಮೆತ್ತನೆ ಲೋಹದ್ದು. ನಡುವಿನ ಕಂಬಿ ಹಿಡಿದು ಅಲ್ಲಾಡಿಸಿದರೆ ಅಜ್ಜನ ಹಲ್ಲಿನ ಹಾಗೆ ಅಲ್ಲಾಡಿತು.

"ಏನಯ್ಯಾ ಇದು? ಇದು ಬೀಸಲ್ಲ, ಚಪ್ಪರಿಸುತ್ತೆ!"

"ಅಣ್ಣಾ, ಅದು ನೋಡೋಕಿರೋದು. ಪ್ರವಾಸಿಗಳು ತಗೊಂಡ್ಹೋಗಿ ಶೋಕೇಸಲ್ಲಿ ಇಡ್ತಾರೆ."

"ಶೋಕೇಸಲ್ಲಾ? ಹೂವಿಡೋಕೂ ಆಗುತ್ತೆ ಅಲ್ವಾ?" ಎಂದು ಹಿಮ್ಜೊ ಅರಚಿದ. ಅಂಗಡಿಯವನಿಗೆ ಹೂವಿನ ವಿಷಯ ಎಲ್ಲಿಂದ ಬಂತೆಂದು ಇವತ್ತಿಗೂ ತಿಳಿಯದು. ಇಂಥದೇ ಮಾತುಕತೆ ಇನ್ನೂ ಮೂರ್ನಾಲ್ಕು ಅಂಗಡಿಗಳಲ್ಲಿ ನಡೆದು, ಸಂಜೆಯ ಹೊತ್ತಿಗೆ ಬೀದಿಯವರು ಅವನು ಬರುತ್ತಿರುವುದನ್ನು ಕಂಡು ಗಿರಣಿಗಳನ್ನು ಒಳಗಿಡತೊಡಗಿದರು.

ಡಿಪೋದಲ್ಲಿ ಈ ಗೋಳು ಕೇಳಿದ ರಾಂಕೊ ಜೇಬಿನಿಂದ ಒಂದು ಉಕ್ಕಿನ ಕೊಳವೆ ತೆಗೆದ. ರಾಂಕೊ ಕೂಡ ಚಾಲಕನೇ, ಹಿಮ್ಜೊನ ಜೊತೆ ಒಂದೇ ವರ್ಷ ಕೆಲಸಕ್ಕೆ ಸೇರಿದವನು, ಯಾವುದನ್ನೂ ತಮಾಷೆ ಮಾಡದೆ ಬಿಡದವನು.

"ತಂಗಿ ಮಗ ಹೊರದೇಶದಿಂದ ಕಳಿಸಿದಾನೆ. ತಗೋ, ಮುಟ್ಟಿ ಪಾವನ ಆಗು."

"ಇದೇನು, ಟಾರ್ಚಾ?"

"ಗಿರಣಿ ಕಣೋ ಮುದಿಯಾ. ಒಳಗೆ ಬೀಜ ಇದೆ, ತಿರುಗಿಸು."

ಹಿಮ್ಜೊ ತಿರುಗಿಸಿದ. ತಿರುಗಿಸುತ್ತಲೇ ಅವನ ಹುಬ್ಬು ಮೇಲೆ ಹೋಯಿತು. ಒಳಗಿನ ಕಂಬಿಯನ್ನು ಮೇಲೊಂದು ಕೆಳಗೊಂದು ಬೇರಿಂಗು ಬಿಗಿಹಿಡಿದಿವೆ, ಒಂದಿಷ್ಟೂ ಅಲುಗಾಟವಿಲ್ಲ. ಬೀಜ ನುರಿಯುವ ಶಂಕು ಸರಿಯಾಗಿ ನಡುಮಧ್ಯ ಕೂತಿದೆ. ಕೆಳಗಿನ ಬಳೆಯನ್ನು ಒಂದು ಟಿಕ್ ತಿರುಗಿಸಿದರೆ ಪುಡಿ ಕೂದಲೆಳೆಯಷ್ಟು ಸಣ್ಣಗಾಗುತ್ತದೆ. ಗಾಲಿ, ಅಚ್ಚು, ಬೇರಿಂಗು ಇವುಗಳ ನಡುವೆಯೇ ಆಯುಷ್ಯ ಕಳೆದವನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಪುಡಿಯನ್ನು ಬೆರಳಲ್ಲಿ ಉಜ್ಜಿದ. ಹಿಟ್ಟು. ನಾಲಿಗೆಗೆ ಹಚ್ಚಿದ. ಒಂದು ಮರಳಿನ ಕಣವಿಲ್ಲ.

"ಹೆಂಗೈತೆ?" ರಾಂಕೊ ಕೇಳಿದ.

ಒಳ್ಳೆಯದನ್ನು ಒಳ್ಳೆಯದೆನ್ನುವುದು ಹಿಮ್ಜೊಗೆ ಕಷ್ಟದ ಕೆಲಸ. ಆದರೂ ಅಂದ. "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ, ಹಾಳಾಗ್ಹೋಗ್ಲಿ. ಆದ್ರೆ ಇದರೊಳಗೆ ಎಷ್ಟು ಬೀಜ ಹಿಡಿಯುತ್ತೆ?"

"ಇಬ್ಬರಿಗೆ ಆಗುತ್ತೆ. ನನಗೂ ನನ್ನ ಹೆಂಡ್ತಿಗೂ."

"ನಿನ್ನ ಮನೆಗೆ ಯಾರೂ ಬರಲ್ಲ, ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ. ಹಬ್ಬದ ದಿನ ನಮ್ಮ ಮನೇಲಿ ಬೀದಿಗೆ ಬೀದಿನೇ ಕೂತಿರುತ್ತೆ. ಇದರಲ್ಲಿ ಬೀಸ್ತಾ ಕೂತ್ರೆ ಮುಂದಿನ ಹಬ್ಬಕ್ಕೆ ಮುಗಿಯುತ್ತೆ."

"ಹಂಗಾದ್ರೆ ಬೆಟ್ಟದ ದಾರೀಲಿರೋ ಫೆಹಿಮ್ ಹತ್ರ ಹೋಗು," ಅಂದ ರಾಂಕೊ, ಈ ಸಲ ನಗದೆ. "ಆದ್ರೆ ಬಾಯಿಗೆ ಬೀಗ ಹಾಕ್ಕೊಂಡು ಹೋಗು. ಅವನು ಎಲ್ಲರಿಗೂ ಮಾರಲ್ಲ."

ಫೆಹಿಮ್ ಮೇಸ್ತ್ರಿಯ ಅಂಗಡಿ ಪೇಟೆಯ ಗದ್ದಲ ದಾಟಿದ ಮೇಲೆ, ಒಂದು ಹಳೇ ಕಾರಂಜಿಯ ಪಕ್ಕ. ಹೊರಗೆ ಒಂದೂ ಗಿರಣಿ ನೇತುಹಾಕಿರಲಿಲ್ಲ. ಮುದುಕ ಕಿಟಕಿಯ ಬೆಳಕಲ್ಲಿ ಕೂತು ಉಕ್ಕಿನ ಚಿಕ್ಕ ಶಂಕುವೊಂದಕ್ಕೆ ಅರದಿಂದ ಹಲ್ಲು ತೆಗೆಯುತ್ತಿದ್ದ. ತಲೆಯೆತ್ತದೆ ಕೇಳಿದ:

"ಎಷ್ಟು ಜನಕ್ಕೆ ಬೀಸ್ಬೇಕು?"

"ಮನೇಲಿ ಇಬ್ಬರು. ಹಬ್ಬಕ್ಕೆ ನಲವತ್ತು."

"ಯಾರು ತಿರುಗಿಸೋದು?"

"ನಾನೇ ಮೇಸ್ತ್ರಿ."

ಮುದುಕ ಆಗ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಗೋಡೆಯ ಕಪಾಟಿನಿಂದ ಒಂದು ಗಿರಣಿ ತೆಗೆದು, ಒಂದು ಹಿಡಿ ಹುರಿದ ಬೀಜ ಸುರಿದು, ಕೈಗಿತ್ತ. ದಪ್ಪ ಹಿತ್ತಾಳೆ, ಮೇಲೆ ಸೇತುವೆಯೂ ಇಲ್ಲ ಪಾರಿವಾಳವೂ ಇಲ್ಲ, ಕೊರಳ ಸುತ್ತ ಒಂದೇ ಒಂದು ಬಳ್ಳಿ. ಕೈಗೆ ತೂಕ ಬಂತು. ಹಿಮ್ಜೊ ಗೋಡೆಗೆ ಒರಗಿ ಕೂತು, ತೊಡೆಗಳ ನಡುವೆ ಇಟ್ಟುಕೊಂಡು, ತಿರುಗಿಸತೊಡಗಿದ.

"ನಿಲ್ಸು ನಿಲ್ಸು," ಅಂದ ಫೆಹಿಮ್. "ಯಾರ ಕತ್ತು ತಿರುಚ್ತಿದೀಯಪ್ಪಾ?"

"ಗಿರಣಿ ತಿರುಗಿಸ್ತಿದೀನಿ!"

"ಗಿರಣಿ ಅಲ್ಲ ಅದು. ಯಾರೋ ಇದಾರೆ ಒಳಗೆ. ಅವರನ್ನ ಆಚೆ ಕಳಿಸಿ, ಆಮೇಲೆ ತಿರುಗಿಸು. ಗಿರಣಿ ತನ್ನ ಪಾಡಿಗೆ ಕಡೀಲಿ, ನೀನು ಹಿಡಿ ಜೊತೆ ಹೋಗು ಸಾಕು."

ಬೇರೆ ಯಾರಾದರೂ ಅಂದಿದ್ದರೆ ಹಿಮ್ಜೊ ಅಂಗಡಿ ಎತ್ತಿ ಹಾಕುತ್ತಿದ್ದ. ಈಗ ಹಿಡಿತ ಸಡಿಲಿಸಿದ. ಹಿಡಿಯ ಜೊತೆ ಹೋದ. ಮೊದಲು ಬೀಜ ಕಟಕಟ ಮುರಿಯಿತು, ಆಮೇಲೆ ಒಂದೇ ಸಮನೆ ಭಾರದ ಗುರುಗುರು, ಮಳೆಗಾಲದಲ್ಲಿ ಏರು ಹತ್ತುವ ಟ್ರಾಮಿನ ಹಾಗೆ. ಬೀಜ ತೀರುತ್ತ ಬಂತು. ಇದ್ದಕ್ಕಿದ್ದಂತೆ ಹಿಡಿ ಹಗುರಾಯಿತು. ಸದ್ದು ತೆಳ್ಳಗಾಯಿತು. ಎಲ್ಲೂ ತಡವರಿಸದ, ಸಣ್ಣನೆ, ಬೆಳಗಿನ ಸದ್ದು.

ಹಿಮ್ಜೊನ ಕಣ್ಣು ಒದ್ದೆಯಾಯಿತು. "ಇದೇ! ಇದೇ ಮೇಸ್ತ್ರಿ! ನಮ್ಮವ್ವನ ಗಿರಣಿ ಹಿಂಗೇ ಹಾಡ್ತಿತ್ತು! ಇದೇ ಬೇಕು ನಂಗೆ!"

ಫೆಹಿಮ್ ಕನ್ನಡಕ ಹಣೆಗೇರಿಸಿದ. "ಅಪ್ಪಾ, ಅದು ಬೀಜ ಮುಗಿದ ಸದ್ದು. ಖಾಲಿ ಗಿರಣಿ ಯಾವುದಾದ್ರೂ ಹಾಡುತ್ತೆ. ಗಿರಣಿ ಆರಿಸೋವಾಗ ಬೀಜ ಇದ್ದಾಗಿನ ಸದ್ದು ಕೇಳ್ಬೇಕು. ಆ ಗುರುಗುರು ಕೇಳಿದ್ಯಾ, ಎಲ್ಲೂ ಎಡವಲಿಲ್ಲ. ನಾನು ಕೊಡ್ತಿರೋದು ಅದನ್ನ."

"ನಮ್ಮವ್ವನ ಗಿರಣಿ ಸದ್ದು ನಂಗೆ ಗೊತ್ತಾ ನಿಂಗೆ ಗೊತ್ತಾ?" ಹಿಮ್ಜೊನ ಬಾಯಿಯ ಬೀಗ ಕಳಚಿಕೊಂಡಿತ್ತು.

"ನಿಂಗೇ ಗೊತ್ತು, ನಿಂಗೇ ಗೊತ್ತು," ಎಂದ ಮುದುಕ, ಪುಡಿಯನ್ನು ಅವನ ಅಂಗೈಗೆ ತಟ್ಟಿ. "ಮೊದಲಿನ ನಾಲ್ಕೈದು ಹಿಡಿ ಬೀಸಿ ಚೆಲ್ಲಿಬಿಡು, ಒಳಗೆ ಅರದ ಪುಡಿ ಇರುತ್ತೆ. ನೀರು ತಾಗಿಸ್ಬೇಡ. ಸಣ್ಣ ಬೇಕಂದ್ರೆ ಈ ತಿರುಪು ಬಿಗಿ ಮಾಡು. ಇನ್ನು ಯಾರ ಮೇಲಾದ್ರೂ ಕೋಪ ಬಂದಾಗ ಇದನ್ನ ಮುಟ್ಟಲೇಬೇಡ."

ಅರ್ಧ ತಿಂಗಳ ಸಂಬಳ ಅಲ್ಲಿಗೆ ಹೋಯಿತು. ಮನೆಗೆ ಬಂದಾಗ ಶೆಫಿಕಾ ಗಿರಣಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಬಟ್ಟೆ ಒಗೆಯುತ್ತಾ ಇದು?"

"ಯಾಕೆ?"

"ಈ ದುಡ್ಡಿಗೆ ಬಟ್ಟೆ ಒಗೆಯೋ ಮೆಷಿನ್ನು ಬರ್ತಿತ್ತು, ಅದಕ್ಕೇ ಕೇಳ್ದೆ."

ಆದರೆ ಮೊದಲ ಬಟ್ಟಲನ್ನು ಅವಳು ತಳದವರೆಗೆ ಕುಡಿದಳು. ಎರಡನೆಯದಕ್ಕೆ ಬಟ್ಟಲು ಮುಂದೆ ನೂಕಿದಳು. ಹಬ್ಬದವರೆಗೆ ಆ ಬೀದಿಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಹಾಲಿನವಳು ಬಂದರೂ ಕಾಫಿ, ಕರೆಂಟ್ ಬಿಲ್ಲಿನವನು ಬಂದರೂ ಕಾಫಿ. ಹಿಮ್ಜೊ ಅಂಗಳದ ಬೆಂಚಿನ ಮೇಲೆ ತೊಡೆಗಳ ನಡುವೆ ಗಿರಣಿ ಇಟ್ಟುಕೊಂಡು ಕೂತು, ಹಾದುಹೋಗುವವರ ಮೂಗಿಗೆ ಪುಡಿ ಹಿಡಿದು ಮೂಸಿಸುತ್ತಿದ್ದ. ಇಷ್ಟೆಲ್ಲ ಅಭ್ಯಾಸ ನಡೆದದ್ದು ಒಬ್ಬಳಿಗಾಗಿ. ಅವಳು ಒಂದು ಗುಟುಕು ಕುಡಿದು, ಚೆನ್ನಾಗಿದೆ ಕಣೋ ಅನ್ನಬೇಕು. ಅಷ್ಟೇ.

ಹಬ್ಬದ ಎರಡನೇ ದಿನ ವಾಹಿದಾ ಏದುಸಿರು ಬಿಡುತ್ತ ಏರು ಹತ್ತಿ ಬಂದಳು. ಕೂದಲು ಪೂರಾ ಬೆಳ್ಳಗಾಗಿದೆ. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಅದನ್ನು ನೋಡಿ, ತುಳಿಯದೆ ದಾಟಿ ಒಳಗೆ ಬಂದಳು.

"ತುಳೀಲಿಲ್ಲ ನೋಡ್ಕೋ," ಅಂದಳು.

ಹಿಮ್ಜೊಗೆ ನಗಬೇಕೋ ಅಳಬೇಕೋ ತಿಳಿಯದೆ, "ಕೂತ್ಕೋ ಅಕ್ಕಾ," ಅಂದ. ಅಕ್ಕ ಕೂತಳು. ಜೊತೆಗೆ ತಂದಿದ್ದ ದಪ್ಪ ಚೀಲವನ್ನು ಕೆಳಗಿಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಳು. ಹಬ್ಬದ ಶುಭಾಶಯ, ಮೊಣಕಾಲು ನೋವು, ಇಲಿಜಾದ ಮಂಜು, ಇಷ್ಟಕ್ಕೆ ಮಾತು ನಿಂತಿತು. ಶೆಫಿಕಾ ಒಲೆಯ ಮೇಲೆ ಬಕ್ಲಾವಾ ಸಿಹಿತಿಂಡಿಯ ಪಾಕ ಇಟ್ಟಿದ್ದಳು, ಬಿಟ್ಟು ಬರುವ ಹಾಗಿರಲಿಲ್ಲ. "ಕಾಫಿ ನಾನೇ ಮಾಡ್ತೀನಿ," ಅಂದ ಹಿಮ್ಜೊ.

ಅಕ್ಕನ ಎದುರಿಗೇ ಕೂತು ಬೀಸಿದ. ಉದ್ದ ಹಿಡಿಯ ತಾಮ್ರದ ಪಾತ್ರೆಗೆ ಪುಡಿ ಹಾಕಿ ನೀರಿಲ್ಲದೆ ತುಸು ಬಿಸಿಮಾಡಿ, ಕುದಿನೀರು ಸುರಿದು, ನೊರೆ ಉಕ್ಕಿಸಿ, ಸಕ್ಕರೆಯ ಅಚ್ಚು, ಸಿಹಿಮಿಠಾಯಿ ಜೋಡಿಸಿ ತಟ್ಟೆ ತಂದಿಟ್ಟ. ವಾಹಿದಾ ಸಕ್ಕರೆಯ ಅಚ್ಚಿನ ತುದಿಯನ್ನು ಕಾಫಿಯಲ್ಲಿ ಅದ್ದಿ ಕಚ್ಚಿ, ಗುಟುಕು ತೆಗೆದುಕೊಂಡು, ಬಾಯೊಳಗೇ ಇಟ್ಟುಕೊಂಡಳು. ನುಂಗಿದಳು. ಚೆನ್ನಾಗಿದೆ ಅನ್ನಲಿಲ್ಲ. ಗಿರಣಿಯನ್ನೊಮ್ಮೆ ನೋಡಿ, ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಪುಡಿ ದಪ್ಪ ಆಯಿತು ಅಂದುಕೊಂಡ ಹಿಮ್ಜೊ. ತಿರುಪು ಅರ್ಧ ಸುತ್ತು ಬಿಗಿಮಾಡಿ, ಅವಳ ಬಟ್ಟಲು ಬರಿದಾಗುವ ಮೊದಲೇ ಮತ್ತೆ ಬೀಸಿದ. ಎರಡನೇ ತಟ್ಟೆ ಬಂತು. ವಾಹಿದಾ ಬಾಯಿ ತೆರೆದಳು. "ಹಿಮ್ಜೊ, ನಾನು ಬಂದಿದ್ದು ಏನಕ್ಕೆ ಅಂದ್ರೆ..."

"ಕುಡಿ ಅಕ್ಕಾ, ಆರುತ್ತೆ."

ಅವಳು ಕುಡಿದಳು. "ಹೂಂ," ಅಂದಳು. ಹೂಂ ಅಂದರೆ ಏನು? ಒಳ್ಳೆಯ ಹೂಂ ಹೌದೋ ಅಲ್ಲವೋ? ಹಿಮ್ಜೊಗೆ ಮೈಯೆಲ್ಲ ಬೆವರಿತು. ಇನ್ನೂ ಸಣ್ಣ ಬೇಕು. ಹಿಟ್ಟಿಗಿಂತ ಸಣ್ಣ, ಹೊಗೆಯಂಥ ಪುಡಿ. ಅಡುಗೆಮನೆಗೆ ಓಡಿದ, ಬೀಸಿದ, ಕುದಿಸಿದ, ಓಡಿ ಬಂದ. ಮೂರನೇ ತಟ್ಟೆಯನ್ನು ಅಕ್ಕನ ಮುಂದಿಟ್ಟು, ಸಾಧಿಸಿದವನ ಹಾಗೆ ಎದೆ ಉಬ್ಬಿಸಿ ನಿಂತ.

ವಾಹಿದಾ ಬಟ್ಟಲನ್ನು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಬಟ್ಟಲು ಮುಟ್ಟಲಿಲ್ಲ. ಎದ್ದಳು.

"ಸರಿಯಪ್ಪಾ," ಅಂದಳು. "ಅರ್ಥ ಆಯ್ತು. ಮನೆ ನಿಂದು."

ಚೀಲ ತೋಳಿಗೆ ಹಾಕಿಕೊಂಡು, ಈ ಸಲ ಹೊಸ್ತಿಲನ್ನು ಸರಿಯಾಗಿ ತುಳಿದು, ಹೊರಟೇಹೋದಳು.

ಹಿಮ್ಜೊ ಗಿರಣಿ ಹಿಡಿದುಕೊಂಡು ಹಾಗೇ ನಿಂತಿದ್ದ. "ಏನಾಯ್ತೇ ಇವಳಿಗೆ? ಕುಡಿಯೋದ್ರೊಳಗೇ ಎದ್ದಳು!"

ಪಾಕದ ಸೌಟು ಹಿಡಿದು ಬಂದ ಶೆಫಿಕಾ ಮೇಜು ನೋಡಿದಳು. ಒಂದು ತಟ್ಟೆ, ಎರಡು ತಟ್ಟೆ, ಮೂರು ತಟ್ಟೆ. ಹಣೆ ಚಚ್ಚಿಕೊಂಡಳು.

"ಅಯ್ಯೋ ಮನೆಹಾಳಾ! ಮೂರನೇದು ಕೊಟ್ಟುಬಿಟ್ಯಾ? ಬಂದು ಕೂತು ಬೆವರಾರಿಲ್ಲ, ಆಗ್ಲೇ ಮೂರನೇದು?"

ಆಗ ಹಿಮ್ಜೊಗೆ ನೆತ್ತಿಯ ಮೇಲೆ ತಣ್ಣೀರು ಸುರಿದಂತಾಯಿತು. ಆ ಊರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು: ಮೊದಲ ಬಟ್ಟಲು ಬಾ ಅನ್ನಲು, ಎರಡನೆಯದು ಕೂತು ಮಾತಾಡಲು, ಮೂರನೆಯದು ಇನ್ನು ಹೊರಡು ಅನ್ನಲು. ಬಾಯಲ್ಲಿ ಹೇಳಲಾಗದ್ದನ್ನು ಬಟ್ಟಲಲ್ಲಿ ಹೇಳುವ ಪದ್ಧತಿ. ಅವನ ತಾಯಿ ಈ ಮೂರನೇ ಬಟ್ಟಲಿನಿಂದ ಎಂತೆಂಥ ಬೇರುಬಿಟ್ಟ ನೆಂಟರನ್ನು ಎಬ್ಬಿಸಿದ್ದಳು! ಈಗ ಮಗ ಅದೇ ಬಟ್ಟಲಿನಿಂದ ಅಕ್ಕನನ್ನು ಎರಡನೇ ಸಲ ಮನೆಯಿಂದ ಆಚೆ ಹಾಕಿದ್ದ.

ಚಪ್ಪಲಿ ಬದಲಿಸದೆ, ಗಿರಣಿಯನ್ನೂ ಕೆಳಗಿಡದೆ ಓಡಿದ. ಕಲ್ಲುಹಾಸಿನ ಇಳಿಜಾರು, ಮನೆಯೊಳಗಿನ ಮೆತ್ತನೆ ಚಪ್ಪಲಿ. ಒಂದು ಚಪ್ಪಲಿ ಯಾರದೋ ಅಂಗಳಕ್ಕೆ ಹಾರಿತು. ಹಬ್ಬದ ಬಟ್ಟೆಯ ಜನರೆಲ್ಲ ಬಾಗಿಲಿಗೆ ಬಂದರು. "ಹಿಮ್ಜೊ, ಯಾರನ್ನ ಬೀಸೋಕೆ ಹೊರಟೆ?" ಎಂದು ಒಬ್ಬ ಕೂಗಿದ.

ಪೇಟೆಯ ನಿಲ್ದಾಣದಲ್ಲಿ ಟ್ರಾಮು ನಿಂತಿತ್ತು, ವಾಹಿದಾ ಹತ್ತಿ ಕಿಟಕಿಯ ಪಕ್ಕ ಕೂತಿದ್ದಳು. ಚಾಲಕನ ಜಾಗದಲ್ಲಿ ರಾಂಕೊ. ಅವನು ಕ್ರೈಸ್ತ, ಅವನಿಗೆ ಆ ದಿನ ಹಬ್ಬವಿಲ್ಲ, ಅದಕ್ಕೇ ಡ್ಯೂಟಿ.

"ಬಾಗಿಲು ಹಾಕ್ಬೇಡ ರಾಂಕೊ!"

"ಹಾಕಲ್ಲ ಕಣೋ. ಒಂದು ಕಾಲಲ್ಲಿ ಚಪ್ಪಲಿ ಇಲ್ಲದವರಿಗೆ ನಮ್ಮಲ್ಲಿ ಕಾಯ್ತೀವಿ."

ಹಿಮ್ಜೊ ಒಳಗೆ ನುಗ್ಗಿ ಅಕ್ಕನ ಮುಂದೆ ಕಂಬ ಹಿಡಿದು ನಿಂತ. ಉಸಿರು ಸಿಗುತ್ತಿಲ್ಲ, ಆದರೂ ಮೊದಲು ಬಂದದ್ದು ಕೋಪವೇ. "ಕೇಳೋ ಮೊದ್ಲೇ ಎದ್ದು ಬರ್ತೀಯಾ? ನಿನ್ನ ಓಡಿಸ್ಬೇಕು ಅಂತ ಕೊಟ್ನಾ ನಾನು? ಗಿರಣಿ ತೋರಿಸ್ತಿದ್ದೆ! ಚೆನ್ನಾಗಿದೆ ಅಂತ ಒಂದು ಮಾತಂದಿದ್ರೆ ಮೊದಲನೇದಕ್ಕೇ ನಿಲ್ಲಿಸ್ತಿದ್ದೆ!"

"ಗಿರಣಿ ತೋರಿಸೋಕೆ ಮೂರು ಕಾಫಿನಾ?"

"ಇನ್ನೂ ಸಣ್ಣ ಬೀಸೋಣ ಅಂತ!"

ಟ್ರಾಮಿನ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರಿನ ಸೀಟಿನ ಅಜ್ಜಿ ವಾಹಿದಾಳ ಕಡೆ ಬಾಗಿ, "ಎಷ್ಟು ಹೊತ್ತಿನೊಳಗೆ ಮೂರನೇದು ಕೊಟ್ಟ?" ಎಂದು ವಿಚಾರಿಸಿದಳು. "ಅರ್ಧ ಗಂಟೇಲಿ," ಅಂದಳು ವಾಹಿದಾ. "ಛೇ ಛೇ," ಎಂದಳು ಅಜ್ಜಿ, ಹಿಮ್ಜೊನನ್ನು ದುರುಗುಟ್ಟಿ ನೋಡಿ.

ವಾಹಿದಾಳ ತುಟಿ ಅದುರಿತು. ಚೀಲದ ಬಾಯಿ ಬಿಚ್ಚಿದಳು. ಒಳಗಿಂದ ಶಾಲು, ಶಾಲಿನೊಳಗಿಂದ ತಾಯಿಯ ಗಿರಣಿ. ಹೂವು ಇರಲಿಲ್ಲ. ಮುಚ್ಚಳ, ಹಿಡಿ ಎಲ್ಲ ಕೂಡಿಸಿ, ಹುಣಿಸೆಹುಳಿ ಹಾಕಿ ತಿಕ್ಕಿದ ಹಾಗೆ ಬೆಳಗಿದ್ದಳು.

"ಇದನ್ನ ಕೊಡೋಕೆ ಬಂದಿದ್ದೆ ಕಣೋ ಮೂಢಾ. ದಿನಾ ಟ್ರಾಮು ತಿರುಗಿಸೋವಾಗ ನೀನು ಕಿಟಕಿ ಕಡೆ ಮೂತಿ ಮಾಡೋದು ನಂಗೆ ಕಾಣಲ್ವಾ? ಒಂದು ದಿನ ಹಳಿ ಬಿಟ್ಟು ಮನೆಯೊಳಗೇ ನುಗ್ತೀಯ ಅಂತ ಹೆದರಿಕೆಯಾಯ್ತು."

ಹಿಮ್ಜೊ ಕಂಬ ಬಿಟ್ಟ. ತನ್ನ ಗಿರಣಿಯನ್ನು ಕಂಕುಳಲ್ಲಿಟ್ಟು, ತಾಯಿಯದನ್ನು ತೆಗೆದುಕೊಂಡು ಹಿಡಿ ತಿರುಗಿಸಿದ. ತೆಳ್ಳಗೆ, ಹಗುರವಾಗಿ, ತಡವರಿಸದೆ ಸದ್ದು ಹೊರಟಿತು. "ಕೇಳ್ರೀ ಎಲ್ಲಾ," ಅಂದ. "ನಮ್ಮವ್ವ ದಿನಾ ಬೆಳಗ್ಗೆ ಬೀಸ್ತಿದ್ದ ಸದ್ದು. ಇದೇ ಸದ್ದು."

"ಹೌದು, ಇದೇ ಸದ್ದು," ಅಂದಳು ವಾಹಿದಾ. "ಯಾಕಂದ್ರೆ ಒಳಗೆ ಏನೂ ಇರ್ತಿರಲಿಲ್ಲ."

"ಏನು?"

"ಬಿಚ್ಚಿ ನೋಡು."

ಬಿಚ್ಚಿದ. ಹಲ್ಲುಗಳಿದ್ದ ಕಡೆ ನುಣ್ಣನೆ ಉಕ್ಕು, ನದಿಯ ಕಲ್ಲಿನ ಹಾಗೆ. ಒಂದು ಬೀಜವನ್ನೂ ಅದು ಮುರಿಯಲಾರದು.

"ಯುದ್ಧದಲ್ಲಿ ಬಟಾಣಿ ಬೀಸಿ ಬೀಸಿ ಅದರ ಹಲ್ಲು ಸವೆಸಿದ್ದು ಯಾರು? ನೀನು. ಆಮೇಲೆ ಅವ್ವ ಅದರಲ್ಲಿ ಒಂದು ಚಮಚ ಬೀಸಿಲ್ಲ. ಅಂಗಡಿಯಿಂದ ಪೊಟ್ಟಣದ ಪುಡಿ ತರಿಸಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಡ್ತಿದ್ಲು. ನೀನು ಸದ್ದು ಕೇಳದೆ ಹಾಸಿಗೆ ಬಿಟ್ಟು ಏಳಲ್ಲ ಅಂತ ದಿನಾ ಬೆಳಗ್ಗೆ ಖಾಲಿ ಗಿರಣಿ ತಿರುಗಿಸ್ತಿದ್ಲು. 'ಅವನಿಗೆ ಹೇಳ್ಬೇಡಿ, ಡಿಪೋದಲ್ಲಿ ನನ್ನ ಕಾಫಿ ಹೊಗಳ್ಕೋತಾನೆ, ನಾಚಿಕೆ ಪಡ್ತಾನೆ' ಅಂದಿದ್ಲು. ಹಲ್ಲು ಹೋದ ಗಿರಣಿ, ಖಾಲಿ ಇಡೋಕೆ ಮನಸ್ಸು ಬರ್ಲಿಲ್ಲ, ಹೂವಾದ್ರೂ ಇರ್ಲಿ ಅಂತ ಇಟ್ಟೆ."

ಟ್ರಾಮಿನ ಮುಂದಿನಿಂದ ರಾಂಕೊನ ದನಿ ಬಂತು.

"ಅವ್ವ ಕೈಯಾರೆ ಬೀಸಿದ್ದು! ಮೆಷಿನ್ನು ಪುಡಿ ಗಂಟಲಲ್ಲಿ ಇಳಿಯಲ್ಲ! ಇಷ್ಟು ವರ್ಷ ಕೇಳಿದೀನಲ್ಲಪ್ಪಾ ನಾನು!"

ಇಡೀ ಟ್ರಾಮು ನಕ್ಕಿತು. ಅಜ್ಜಿ ಸೆರಗಿನಂಥ ಕರವಸ್ತ್ರ ಬಾಯಿಗೆ ಹಿಡಿದು ಕುಲುಕುಲು ನಕ್ಕಳು. ಹಿಮ್ಜೊನ ಕಿವಿ ಕೆಂಪೇರಿತು, ಎಲ್ಲರಿಗೂ ಬೈಯಲು ಬಾಯಿ ತೆರೆದ. ತೆರೆದ ಬಾಯಿಂದ ಹೊರಬಂದದ್ದು ನಗು. ಒಂದು ಕಾಲಲ್ಲಿ ಚಪ್ಪಲಿ, ಕಂಕುಳಲ್ಲೊಂದು ಕೈಯಲ್ಲೊಂದು ಗಿರಣಿ, ಕಣ್ಣಲ್ಲಿ ನೀರು, ಹೊಟ್ಟೆ ಹಿಡಿದು ನಕ್ಕ. "ಶೆಫಿಕಾಗೂ ಗೊತ್ತಿತ್ತಾ?"

"ಪೊಟ್ಟಣ ತರ್ತಿದ್ದಿದ್ದೇ ಅವಳು."

"ಅಕ್ಕಾ, ವಾಪಸ್ ಬಾ. ಮೊದಲಿಂದ ಶುರು ಮಾಡೋಣ."

"ಹೇಗೆ ಬರ್ಲಿ? ಮೂರನೇದು ಕೊಟ್ಟು ಕಳಿಸಿದೀಯ."

"ಮುಟ್ಟಿದಳೇನು ಮೂರನೇದನ್ನ?" ಎಂದು ಅಜ್ಜಿ ಕೇಳಿದಳು. ಎಲ್ಲರೂ ಅವಳ ಕಡೆ ತಿರುಗಿದರು. ವಾಹಿದಾ ಇಲ್ಲವೆಂದು ತಲೆಯಾಡಿಸಿದ್ದನ್ನು ನೋಡಿ ಅಜ್ಜಿ ಅಂದಳು: "ಕುಡಿದಿಲ್ಲ ಅಂದ್ಮೇಲೆ ಇನ್ನೂ 'ಹೊರಡು' ಅಂದ ಹಾಗಾಗ್ಲಿಲ್ಲವಲ್ಲ ತಾಯಿ. ಲೆಕ್ಕಕ್ಕೆ ನೀನಿನ್ನೂ ಅವನ ಮನೇಲೇ ಕೂತಿದೀಯ."

ಟ್ರಾಮಿನ ಜನ ಹೌದು ಹೌದು ಅಂದರು. ರಾಂಕೊ ಗಂಟೆ ಬಾರಿಸಿದ. "ತೀರ್ಮಾನ ಆಯ್ತು, ಇಳೀರಿ ಇಬ್ಬರೂ. ನನಗೆ ಹಿಂದೆ ಇನ್ನೊಂದು ಟ್ರಾಮು ಬಂದು ನಿಂತಿದೆ."

ಅಕ್ಕ ತಮ್ಮ ಏರು ಹತ್ತಿ ವಾಪಸಾದರು. ದಾರಿಯಲ್ಲಿ ಯಾರದೋ ಅಂಗಳದಿಂದ ಚಪ್ಪಲಿ ಸಿಕ್ಕಿತು. ಅಂದು ಸಂಜೆಯವರೆಗೆ ಕೂತು ಮಾತಾಡಿದರು. ವಾಹಿದಾ ಹೊಸ ಗಿರಣಿಯನ್ನು ತಾನೇ ತಿರುಗಿಸಿ ನೋಡಿ, "ಚೆನ್ನಾಗಿದೆ ಕಣೋ," ಅಂದಳು. ಅವನು ಅದನ್ನು ಮತ್ತೊಮ್ಮೆ ಹೇಳಿಸಿದ. ತಾಯಿಯ ಗಿರಣಿಗೆ ಫೆಹಿಮ್ ಹತ್ತಿರ ಹೊಸ ಹಲ್ಲು ಹಾಕಿಸುತ್ತೇನೆಂದು ಅವನು ಕುಣಿದಾಗ ಮಾತ್ರ ಅವಳು ಅದನ್ನು ಶಾಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ನಿಂಗೆ ಹೊಸದಿದೆ. ಅವ್ವನ ಬಾಯಿಗೆ ಹಲ್ಲು ಕಟ್ಟಿಸೋದೇನೂ ಬೇಡ. ಮನೆ ನಿಂದು, ಇದು ನಂದು." ಹಿಮ್ಜೊ ಹಲ್ಲು ಕಡಿದ. ಚೀಲದ ಬಾಯಿ ತಾನೇ ಕಟ್ಟಿಕೊಟ್ಟ. ಮೇಜಿನ ಮೂಲೆಯಲ್ಲಿ ಆರಿಹೋದ ಮೂರನೇ ಬಟ್ಟಲನ್ನು ಶೆಫಿಕಾ ಯಾರಿಗೂ ಕಾಣದಂತೆ ಒಳಗೆ ಒಯ್ದು ಚೆಲ್ಲಿದಳು.

ಅದಾದ ಮೇಲೆ ವಾಹಿದಾ ಆಗಾಗ ಬರುತ್ತಾಳೆ. ಮೊದಲ ಬಟ್ಟಲು ಕುಡಿಯುತ್ತಾಳೆ, ಎರಡನೆಯದು ಕುಡಿಯುತ್ತಾಳೆ. ಮೂರನೆಯದಕ್ಕೆ ಹಿಮ್ಜೊ ಗಿರಣಿ ಮುಟ್ಟುವುದಿಲ್ಲ, ಅವಳು ಬಾಕಿ ಇದೆ ಎಂದು ಬೆರಳು ತೋರಿಸಿ ಎದ್ದುಹೋಗುತ್ತಾಳೆ.

ಕಿಟಕಿಯಲ್ಲಿ ಗಿರಣಿ ಹಾಗೇ ಇದೆ. ಹೂವು ಈಗ ಹಳದಿ, ಅದೂ ಪ್ಲಾಸ್ಟಿಕ್ಕೇ. ತಮ್ಮನ ಮುಖ ಗಂಟಿಕ್ಕುವುದನ್ನು ನೋಡಲೆಂದೇ ಅವಳು ಬಣ್ಣ ಬದಲಿಸುತ್ತಾಳೆ. ಇಲಿಜಾದಲ್ಲಿ ಟ್ರಾಮು ತಿರುಗಿಸುವಾಗ ಹಿಮ್ಜೊ ಎರಡು ಸಲ ಗಂಟೆ ಬಾರಿಸುತ್ತಾನೆ. ವಾಹಿದಾ ಕಿಟಕಿಗೆ ಬಂದು ಖಾಲಿ ಬಟ್ಟಲೊಂದನ್ನು ಎತ್ತಿ, ತಲೆಕೆಳಗು ಮಾಡಿ ತೋರಿಸುತ್ತಾಳೆ. ನನ್ನ ಮೂರನೇದು ಎಲ್ಲಿ?

"ಕೊಡಲ್ಲ ಹೋಗೇ!" ಎಂದು ಅವನು ಗಾಜಿನೊಳಗಿಂದಲೇ ಕೂಗಿ, ಟ್ರಾಮನ್ನು ಊರ ಕಡೆ ಬಿಡುತ್ತಾನೆ.